ಕ್ಯಾಂಪ್ ತಪ್ಪಿಸಿದವನ ಡಿಸ್ಚಾರ್ಜ್: ಕಟ್ಟೆ ಮಾತೆಷ್ಟು, ಕಾನೂನೆಷ್ಟು

ಪರಶುರಾಂಪುರದ ಸುತ್ತ ಶೇಂಗಾ ಕೀಳುವ ವಾರಗಳಲ್ಲಿ ಮನೆಯ ಒಂದೊಂದು ಕೈಯೂ ಹೊಲದಲ್ಲಿ ಬೇಕು. ಬಳ್ಳಿ ಕಿತ್ತು ಒಣಹಾಕಿದ ಮೇಲೆ ಮೋಡ ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ನೆಂದು ಕಪ್ಪಾದ ಕಾಯಿಯನ್ನು ಚಳ್ಳಕೆರೆಯಲ್ಲಿ ಕೇಳುವವರಿಲ್ಲ. ಅಂಥ ಒಂದು ವಾರದಲ್ಲೇ ಪ್ರಾದೇಶಿಕ ಸೇನೆ (ಟಿಎ) ಸೇರಿದ ಹುಡುಗನಿಗೆ ಬೆಟಾಲಿಯನ್ನಿನಿಂದ ಪತ್ರ ಬಂತು ಅಂದುಕೊಳ್ಳಿ: ಇಂಥ ತಾರೀಕು ಬೆಳಗಾವಿಯಲ್ಲಿ ಹಾಜರಾಗತಕ್ಕದ್ದು. ಪತ್ರ ಗೋಡೆಯ ಕ್ಯಾಲೆಂಡರ್ ಹಿಂದೆ ಸೇರುತ್ತದೆ. ಎರಡನೆಯದೂ ಅಲ್ಲಿಗೇ. ಮೂರನೆಯದರಲ್ಲಿ ಕರೆ ಇರುವುದಿಲ್ಲ, ಡಿಸ್ಚಾರ್ಜ್ ಇರುತ್ತದೆ.

ಆಮೇಲೆ ಶುರುವಾಗುತ್ತದೆ ಸಲಹೆ. ಬಸ್ ನಿಲ್ದಾಣದ ಹೋಟೆಲಿನಲ್ಲಿ ಒಬ್ಬರು, ಅರಳಿಕಟ್ಟೆಯಲ್ಲಿ ಇನ್ನೊಬ್ಬರು, ಮೊಬೈಲಿನಲ್ಲಿ ನೂರು ಜನ. ಅವುಗಳಲ್ಲಿ ಕೆಲವು ಪೂರಾ ಸುಳ್ಳು. ಕೆಲವು ಅರ್ಧ ನಿಜ, ಹಾಗಾಗಿ ಇನ್ನೂ ಅಪಾಯ.

“ಆರು ತಿಂಗಳು ಸುಮ್ಮನಿರು, ತಾನೇ ಅಪ್‌ಗ್ರೇಡ್ ಆಗುತ್ತೆ”

ಈ ಮಾತು ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿ ಸೈನ್ಯದಿಂದ ಹೊರಬಂದವನ ಡಿಸ್ಚಾರ್ಜಿಗೆ ದರ್ಜೆಗಳಿವೆ: ಗೌರವಯುತ, ಸಾಮಾನ್ಯ, ಅದಕ್ಕಿಂತ ಕೆಳಗಿನವು. ರಿಸರ್ವ್‌ನಲ್ಲಿರುವವರು ತಿಂಗಳಿಗೊಂದು ವಾರಾಂತ್ಯ ಡ್ರಿಲ್‌ಗೆ ಹೋಗಬೇಕು. ಒಂದು ವಾರಾಂತ್ಯವನ್ನು ಸಾಮಾನ್ಯವಾಗಿ ನಾಲ್ಕು ಅವಧಿ ಎಂದು ಲೆಕ್ಕ ಹಿಡಿಯುತ್ತಾರೆ. ಆರ್ಮಿ ರಿಸರ್ವ್‌ನಲ್ಲಿ ವರ್ಷದೊಳಗೆ ಕಾರಣವಿಲ್ಲದೆ ಒಂಬತ್ತು ಅವಧಿ ತಪ್ಪಿದರೆ ಹೆಸರಿಗೆ ಕುತ್ತು. ಕೆಳದರ್ಜೆಯ ಡಿಸ್ಚಾರ್ಜ್ ಸಿಕ್ಕವರು ಅದನ್ನು ಮೇಲೇರಿಸಿಕೊಳ್ಳಲು ಅರ್ಜಿ ಹಾಕುವ ಪರಿಶೀಲನಾ ಮಂಡಳಿಗಳಿವೆ, ಅದಕ್ಕೆ 15 ವರ್ಷದ ಗಡುವಿದೆ. ಆರು ತಿಂಗಳಿಗೆ ತಾನಾಗಿಯೇ ಮೇಲೇರುತ್ತದೆ ಎನ್ನುವುದು ಅಲ್ಲಿಯೂ ಹಳೆಯ ಸುಳ್ಳೇ. ಬ್ಯಾರಕ್ಕಿನಿಂದ ಬ್ಯಾರಕ್ಕಿಗೆ ಹರಿದು ಬಂದದ್ದು ಈಗ ನಮ್ಮೂರಿನ ಮೊಬೈಲಿಗೂ ಬಂದಿದೆ.

ನಮ್ಮಲ್ಲಿ ಅಂಥ ಅಪ್‌ಗ್ರೇಡ್ ಮಂಡಳಿ ಇಲ್ಲ. ಆದರೆ ಆರು ತಿಂಗಳು ಎಂಬ ಲೆಕ್ಕ ಇದೆ, ಅದೂ ಪೂರ್ತಿ ಉಲ್ಟಾ. ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕಾಯ್ದೆ, 2007ರ 22ನೇ ಕಲಂ ಪ್ರಕಾರ ಅಂತಿಮ ಆದೇಶ ಬಂದ ದಿನದಿಂದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಮನವಿ ಕೊಟ್ಟು 6 ತಿಂಗಳಾದರೂ ಉತ್ತರ ಬಾರದಿದ್ದರೆ ಅಲ್ಲಿಂದ ಮುಂದಿನ 6 ತಿಂಗಳು. ಅಂದರೆ ಯಾವ ಆರು ತಿಂಗಳನ್ನು ಕಟ್ಟೆಯವರು ಗಾಯ ಮಾಯುವ ಕಾಲ ಅಂತಾರೋ, ಅದು ಬಾಗಿಲು ಮುಚ್ಚುತ್ತಾ ಬರುವ ಕಾಲ. ತಡವಾದರೆ ಎಲ್ಲ ಮುಗಿಯಿತು ಎಂದೂ ಅಲ್ಲ. ಸರಿಯಾದ ಕಾರಣ ತೋರಿಸಿದರೆ ವಿಳಂಬ ಮನ್ನಿಸುವ ಅಧಿಕಾರ ನ್ಯಾಯಮಂಡಳಿಗಿದೆ. “ಯಾರೋ ಸುಮ್ಮನಿರು ಅಂದರು” ಎಂಬುದು ಸರಿಯಾದ ಕಾರಣವಲ್ಲ.

“ಟಿಎ ಅಂದ್ರೆ ಎನ್‌ಸಿಸಿ ಇದ್ದಂಗೆ, ಬಿಡಣ್ಣ”

ಅಲ್ಲ. ಪ್ರಾದೇಶಿಕ ಸೇನೆ, ಜನರ ಬಾಯಲ್ಲಿ ಟಿಎ, ನಿಂತಿರುವುದು 1948ರ ಕಾಯ್ದೆಯ ಮೇಲೆ. 1949ರ ಅಕ್ಟೋಬರ್ 9ರಂದು ಗವರ್ನರ್ ಜನರಲ್ ರಾಜಾಜಿ ಅದನ್ನು ಉದ್ಘಾಟಿಸಿದರು. ಇಂದಿಗೂ ಆ ದಿನವೇ ಟಿಎ ದಿನ. 18ರಿಂದ 42 ವರ್ಷದೊಳಗಿನವರು, ಬದುಕಿಗೆ ಬೇರೆ ದುಡಿಮೆ ಇರುವವರು ಸೇರಬಹುದು. ಸೇರಿದ ವರ್ಷ ಸುಮಾರು ಒಂದು ತಿಂಗಳ ತರಬೇತಿ, ಆಮೇಲೆ ವರ್ಷಕ್ಕೆ ಎರಡು ತಿಂಗಳ ಶಿಬಿರ. ಬೆಳಗಾವಿಯ 115ನೇ ಬೆಟಾಲಿಯನ್ ಮಹಾರ್ ರೆಜಿಮೆಂಟಿಗೆ ಸೇರಿದ್ದು. ಬೆಂಗಳೂರಿನ 106ನೇ ಬೆಟಾಲಿಯನ್ ಪ್ಯಾರಾದ್ದು. ಧೋನಿ ಗೌರವ ಲೆಫ್ಟಿನೆಂಟ್ ಕರ್ನಲ್ ಆಗಿರುವುದು ಅದರಲ್ಲೇ. ಧೋನಿ 2019ರಲ್ಲಿ ಎರಡು ವಾರ ಕಾಶ್ಮೀರದಲ್ಲಿ ಡ್ಯೂಟಿ ಮಾಡಿದ್ದನ್ನು ಟಿವಿಯಲ್ಲಿ ನೋಡಿ, ‘ಟಿಎ ಅಂದರೆ ಇಷ್ಟವಿದ್ದಾಗ ಹೋಗಿ ಬರೋದು’ ಅಂದುಕೊಂಡವರಿದ್ದಾರೆ. ಗೌರವ ಪದವಿ ಬೇರೆ, ಸಹಿ ಹಾಕಿ ಸೇರಿದ ಸಿಪಾಯಿಯ ಹೊಣೆ ಬೇರೆ.

ಇನ್ನೊಂದು ಗೊಂದಲ ಗೃಹರಕ್ಷಕ ದಳದ್ದು. ಚಳ್ಳಕೆರೆಯಲ್ಲಿ ಪರೇಡ್ ತಪ್ಪಿಸಿ ಹೋಮ್‌ಗಾರ್ಡ್‌ನಿಂದ ಹೆಸರು ತೆಗೆಸಿಕೊಂಡವನ ಅನುಭವವನ್ನು ಟಿಎ ಹುಡುಗನಿಗೆ ಅಂಟಿಸುತ್ತಾರೆ. ಹೋಮ್‌ಗಾರ್ಡ್ ರಾಜ್ಯ ಸರ್ಕಾರದ್ದು, 1962ರ ರಾಜ್ಯ ಕಾಯ್ದೆಯದ್ದು. ಅಲ್ಲಿನ ಮಾತು ಇಲ್ಲಿ ನಡೆಯದು.

ಮೂರನೆಯ ಗೊಂದಲ ನಮ್ಮ ಸೀಮೆಗೇ ವಿಶೇಷ. ಕುದಾಪುರ, ವರವು ಕಾವಲು ಕಡೆ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಬಂದ ಮೇಲೆ ಜನಕ್ಕೆ ಬೇಲಿಯೆಲ್ಲ ಮಿಲಿಟರಿ ಬೇಲಿಯಾಗಿ ಕಾಣುತ್ತದೆ, ಮನವಿಯನ್ನು ಅದರ ಗೇಟಿಗೇ ಒಯ್ಯಿ ಅನ್ನುತ್ತಾರೆ. ಅಲ್ಲಿ ಡ್ರೋನ್ ಹಾರಿಸುತ್ತಾರೆ, ಇಸ್ರೊ 2023, 2024ರಲ್ಲಿ ತನ್ನ ರೆಕ್ಕೆಯ ವಾಹನ ಇಳಿಸಿ ನೋಡಿತು. ಟಿಎ ಸಿಪಾಯಿಯ ಮನವಿಗೂ ಆ ಗೇಟಿಗೂ ಸಂಬಂಧವೇ ಇಲ್ಲ. ಮನವಿ ಮೊದಲು ಹೋಗಬೇಕಾದ್ದು ಯೂನಿಟ್ಟಿನ ಕಮಾಂಡಿಂಗ್ ಆಫೀಸರ್‌ಗೆ. ಮೇಲಿನ ಹಂತ ಟಿಎ ಗ್ರೂಪ್ ಹೆಡ್‌ಕ್ವಾರ್ಟರ್ಸ್, ಅದಕ್ಕೂ ಮೇಲೆ ದೆಹಲಿಯ ನಿರ್ದೇಶನಾಲಯ.

“ಕ್ಯಾಂಪಿಗೆ ಹೋಗ್ಲಿಲ್ಲ ಅಂದ್ರೆ ಕೋರ್ಟ್ ಮಾರ್ಷಲ್ಲೇ”

ಟಿಎಯವನಿಗೆ ಸೇನಾ ಕಾಯ್ದೆ ಹಗಲು ರಾತ್ರಿ ಅಂಟಿಕೊಂಡಿರುವುದಿಲ್ಲ. ಕರೆಸಿಕೊಂಡಾಗ, ಸೇವೆಗೆ ತೊಡಗಿಸಿಕೊಂಡಾಗ, ಖಾಯಂ ಸೇನೆಗೆ ಜೋಡಿಸಿದಾಗ, ಆ ದಿನಗಳಲ್ಲಿ ಮಾತ್ರ ಆತ ಅದರ ಅಡಿ ಬರುತ್ತಾನೆ. ಉಳಿದ ದಿನ ಹೊಲದಲ್ಲಿ ಮಡಕೆ ಹೊಡೆಯುವ ರೈತನೇ. ಹೀಗಾಗಿ ಶಿಬಿರಕ್ಕೆ ಬಾರದವನಿಗೆ ಸಾಮಾನ್ಯವಾಗಿ ಕಾದಿರುವುದು ಡಿಸ್ಚಾರ್ಜ್. ಅವಧಿ ಮುಗಿಯುವ ಮುಂಚೆಯೇ ಬಿಡುಗಡೆ ಮಾಡಲು ಟಿಎ ಕಾಯ್ದೆಯಲ್ಲೇ ಅವಕಾಶವಿದೆ. ಸೇವೆಯಲ್ಲಿ ತೊಡಗಿದ್ದಾಗ ರಜೆ ಮೇಲೆ ಬಂದು ವಾಪಸ್ ಹೋಗದೆ ಕೂತರೆ ಮಾತ್ರ ಸಂಗತಿ ಗಂಭೀರ. ಸೇನಾ ಕಾಯ್ದೆಯ 39ನೇ ಕಲಂ, ಅನುಮತಿಯಿಲ್ಲದ ಗೈರು, ಮೂರು ವರ್ಷದವರೆಗೆ ಶಿಕ್ಷೆ.

ಡಿಸ್ಚಾರ್ಜ್, ಡಿಸ್ಮಿಸ್ ಎರಡನ್ನೂ ಊರಲ್ಲಿ ‘ಮಿಲಿಟರಿಯಿಂದ ತೆಗೆದುಹಾಕಿದ್ರಂತೆ’ ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ಡಿಸ್ಮಿಸ್ ಅಂದರೆ ವಜಾ, ಶಿಕ್ಷೆ. ಡಿಸ್ಚಾರ್ಜ್ ಅಂದರೆ ಬಿಡುಗಡೆ. ಕೆಲಸದ ಅರ್ಜಿಯಲ್ಲಿ ‘ಹಿಂದೆ ಸೇವೆಯಿಂದ ವಜಾಗೊಂಡಿದ್ದೀರಾ’ ಎಂಬ ಪ್ರಶ್ನೆ ಇದ್ದರೆ ಎರಡಕ್ಕೂ ಉತ್ತರ ಒಂದೇ ಅಲ್ಲ. ಹೆದರಿ ‘ಹೌದು’ ಎಂದು ಬರೆಯುವ ಮುನ್ನ ಪತ್ರ ತೆಗೆದು ಓದಿ.

“ನಾಲ್ಕು ರೆಡ್ ಇಂಕ್ ಬಿದ್ರೆ ಕತೆ ಮುಗೀತು”

ಖಾಯಂ ಸೇನೆಯಲ್ಲಿದ್ದು ಬಂದ ಹಿರಿಯರು ಹೇಳುವ ಮಾತಿದು. ದಂಡನೆಯನ್ನು ಕೆಂಪು ಶಾಯಿಯಲ್ಲಿ ದಾಖಲಿಸುವ ಪದ್ಧತಿಯಿಂದ ಆ ಹೆಸರು. ನಾಲ್ಕಾದರೆ ಮನೆಗೆ ಎಂಬುದು ದಶಕಗಳ ನಂಬಿಕೆ. ವೀರೇಂದ್ರ ಕುಮಾರ್ ದುಬೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರ ಅಕ್ಟೋಬರಿನಲ್ಲಿ ಇದನ್ನು ಒಡೆದು ಹೇಳಿತು. ನಾಲ್ಕು ನಮೂದು ಇದ್ದ ಮಾತ್ರಕ್ಕೆ ಯಾಂತ್ರಿಕವಾಗಿ ಡಿಸ್ಚಾರ್ಜ್ ಮಾಡುವಂತಿಲ್ಲ. ಸೇನಾ ಮುಖ್ಯ ಕಚೇರಿಯ 1988ರ ಸೂಚನೆಯಂತೆ ವಿಚಾರಣೆ ನಡೆಯಬೇಕು, ಎಷ್ಟು ವರ್ಷ ಸೇವೆ, ಎಂಥ ಕಷ್ಟದ ಜಾಗ, ತಪ್ಪಿನ ತೂಕವೆಷ್ಟು ಎಲ್ಲ ನೋಡಬೇಕು.

ಆ ತೀರ್ಪು ಖಾಯಂ ಸಿಪಾಯಿಯದ್ದು, ಟಿಎ ಶಿಬಿರ ತಪ್ಪಿಸಿದವನಿಗೆ ಹಾಗೇ ಹೊಂದುವುದಿಲ್ಲ. ಆದರೂ ಅದರೊಳಗಿನ ಪ್ರಶ್ನೆ ಹೊಂದುತ್ತದೆ: ನಿಮಗೆ ನೋಟಿಸ್ ಕೊಟ್ಟರೇ, ಉತ್ತರಕ್ಕೆ ಸಮಯ ಕೊಟ್ಟರೇ, ಕೊಟ್ಟ ಉತ್ತರವನ್ನು ಓದಿದರೇ? ಡಿಸ್ಚಾರ್ಜ್ ಪ್ರಶ್ನಿಸುವವರು ಅಳುವ ಬದಲು ಮೊದಲು ಇದನ್ನು ಕೇಳಬೇಕು.

“ಮನೇಲಿ ಕಾಯಿಲೆ ಇತ್ತು ಅಂದ್ರೆ ಸಾಕು”

ಸಾಕಾಗುವುದಿಲ್ಲ, ಮತ್ತು ಇದರ ಮೇಲೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹುಡುಗರು ಸೋಲುವುದು ಇಲ್ಲೇ. ಸುಪ್ರೀಂ ಕೋರ್ಟಿನ 2023ರ ಜುಲೈ ತೀರ್ಪೊಂದಿದೆ. ಆರ್ಮಿ ಸರ್ವಿಸ್ ಕೋರ್‌ನ ಒಬ್ಬ ಚಾಲಕ. ಮೊದಲು ರಜೆ, ಅದರ ಮೇಲೆ ವಿಸ್ತರಣೆ, ಆಮೇಲೂ ಹೋಗಲಿಲ್ಲ. ಒಟ್ಟು 108 ದಿನ ಮೀರಿತ್ತು. ಹೆಂಡತಿಗೆ ಕಾಯಿಲೆ ಎಂಬುದು ಅವನ ವಾದ. ಅವಳಿಗೆ ಚಿಕಿತ್ಸೆ ನಡೆದದ್ದನ್ನು ತೋರಿಸುವ ಒಂದು ಚೀಟಿಯೂ ಕಡತದಲ್ಲಿರಲಿಲ್ಲ. ಹಿಂದೆಯೂ ಗೈರಾದ ದಾಖಲೆ ಇತ್ತು. ವಜಾ ಉಳಿಯಿತು.

ಕಾಯಿಲೆ ಸುಳ್ಳೇ ಇರಬೇಕೆಂದಿಲ್ಲ. ನಮ್ಮೂರಲ್ಲಿ ಅವ್ವನಿಗೆ ಎದೆನೋವು ಬಂದರೆ ಪರಶುರಾಂಪುರದ ಆಸ್ಪತ್ರೆ, ಅಲ್ಲಿಂದ ಚಳ್ಳಕೆರೆ, ಅಲ್ಲಿಂದ ಚಿತ್ರದುರ್ಗ. ಮೂರು ಕಡೆಯ ಓಪಿಡಿ ಚೀಟಿ ಮೂರು ಅಂಗಿಯ ಜೇಬಿನಲ್ಲಿ ಒಗೆತಕ್ಕೆ ಹೋಗಿ ಮುದ್ದೆಯಾಗುತ್ತವೆ. ವರ್ಷದ ಮೇಲೆ ಕೋರ್ಟು ಕೇಳುವುದು ಆ ಮುದ್ದೆಯನ್ನೇ. ಶಿಬಿರಕ್ಕೆ ಹೋಗಲಾಗದಿದ್ದರೆ ಆ ವಾರವೇ ಯೂನಿಟ್ಟಿಗೆ ಒಂದು ಪತ್ರ ಬರೆಯಿರಿ, ಚೀಟಿಯ ಜೆರಾಕ್ಸ್ ಲಗತ್ತಿಸಿ, ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ಪಹಣಿ ಇಡುವ ಡಬ್ಬಿಯಲ್ಲೇ ಇಡಿ. ಹವಾಲ್ದಾರ್ ಸಾಹೇಬರಿಗೆ ಫೋನ್ ಮಾಡಿ ಹೇಳಿದ್ದೆ ಎಂಬುದಕ್ಕೆ ಸಾಕ್ಷಿ ಇರುವುದಿಲ್ಲ.

ಶೇಂಗಾ ಒಕ್ಕಣೆ ಸರಿಯಾದ ಕಾರಣವೇ? ಮನುಷ್ಯನಾಗಿ ಹೌದು ಅನ್ನುತ್ತೇನೆ, ಸೇನೆಯ ಕಣ್ಣಲ್ಲಿ ಅಲ್ಲ. ಮುಂಚೆಯೇ ಬರೆದು ಕೇಳಿದ ಅರ್ಜಿಗೂ ಆಮೇಲೆ ಕೊಟ್ಟ ಸಬೂಬಿಗೂ ಇರುವ ಅಂತರವೇ ಅಲ್ಲಿ ಲೆಕ್ಕಕ್ಕೆ ಬರುವುದು.

“ಓನರ್ ಬಿಡ್ಲಿಲ್ಲ, ನಂದೇನು ತಪ್ಪು?”

ಎಣ್ಣೆ ಮಿಲ್ಲಿನಲ್ಲೋ ಮೊಳಕಾಲ್ಮೂರಿನ ರೇಷ್ಮೆ ಅಂಗಡಿಯಲ್ಲೋ ದುಡಿಯುವವನ ಮಾತಿದು. ಕಾನೂನು ಇವನ ಕಡೆಗೇ ಇದೆ, ಇವನಿಗೇ ಗೊತ್ತಿಲ್ಲ. ಟಿಎ ಸೇವೆ ಮುಗಿಸಿ ಬಂದವನನ್ನು ಮಾಲೀಕ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ಟಿಎ ಕಾಯ್ದೆಯ 7ಎ ಕಲಂ ಹೇಳುತ್ತದೆ. ಒಪ್ಪದ ಮಾಲೀಕನಿಂದ ಆರು ತಿಂಗಳ ಸಂಬಳದವರೆಗೆ ಪರಿಹಾರ ಕೊಡಿಸಬಹುದು.

“ಅಪ್‌ಗ್ರೇಡ್ ಆದ್ರೆ ಮಾಜಿ ಸೈನಿಕರ ಕೋಟಾ ಸಿಗುತ್ತೆ”

ಅರ್ಧಕ್ಕರ್ಧ ಜನ ಓಡಾಡುವುದು ಇದಕ್ಕೇ. ಕೇಂದ್ರದ 1979ರ ನಿಯಮಗಳು ಟಿಎಯವರಲ್ಲಿ ಯಾರನ್ನು ಮಾಜಿ ಸೈನಿಕ ಎಂದು ಒಪ್ಪುತ್ತವೆ ಗೊತ್ತೇ? ಸೇವೆಯಲ್ಲಿ ತೊಡಗಿಸಿಕೊಂಡ ಅವಧಿಗೆ ಪಿಂಚಣಿ ಪಡೆದವರು, ಸೇನಾ ಸೇವೆಯಿಂದ ಅಂಗವೈಕಲ್ಯ ಬಂದವರು, ಶೌರ್ಯ ಪದಕ ಪಡೆದವರು. ಸಿಪಾಯಿಗೆ ಟಿಎ ಪಿಂಚಣಿ ಬರಬೇಕಾದರೆ ತೊಡಗಿಸಿಕೊಂಡ ಸೇವೆಯೇ ಒಟ್ಟು 15 ವರ್ಷ ಆಗಬೇಕು. ಎರಡು ಶಿಬಿರ ಮಾಡಿ ಮೂರನೆಯದಕ್ಕೆ ತಪ್ಪಿಸಿದವನ ಪತ್ರವನ್ನು ಎಷ್ಟು ತಿದ್ದಿಸಿದರೂ ಈ ಕೋಟಾ ಬರುವುದಿಲ್ಲ. ಅದಕ್ಕಾಗಿ ವಕೀಲರಿಗೆ ದುಡ್ಡು ಸುರಿಯುವುದು ಬೇಡ. ಪತ್ರದಲ್ಲಿ ಬರೆದ ಕಾರಣ ತಪ್ಪಿದ್ದರೆ, ವಿಚಾರಣೆಯಿಲ್ಲದೆ ಕಳಂಕ ಹಚ್ಚಿದ್ದರೆ, ಬರಬೇಕಾದ ಸಂಬಳ ಉಳಿದಿದ್ದರೆ ಹೋರಾಡಿ.

ಟಿಎಯವನಿಗೆ ಹಕ್ಕೇ ಇಲ್ಲ ಎಂದು ಕೈಚೆಲ್ಲುವುದೂ ಸುಳ್ಳೇ. 2021ರ ಡಿಸೆಂಬರ್ 17ರ ಪಾಣಿ ರಾಮ್ ತೀರ್ಪು ನೋಡಿ. ಖಾಯಂ ಸೇವೆ ಮುಗಿಸಿ ಟಿಎಯ ಪರಿಸರ ಬೆಟಾಲಿಯನ್ ಸೇರಿದ ಸಿಪಾಯಿ ಅಪಘಾತದಲ್ಲಿ ಕಾಲು ಕಳೆದುಕೊಂಡಿದ್ದರು. ಹೆಚ್ಚಿನ ಪಿಂಚಣಿ ಕೇಳುವುದಿಲ್ಲ ಎಂದು ಅವರಿಂದ ಸೇರುವಾಗಲೇ ಮುಚ್ಚಳಿಕೆ ಬರೆಸಿಕೊಂಡಿದ್ದರು. ನ್ಯಾಯಮಂಡಳಿಯಲ್ಲಿ ಸೋತರು, ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಆ ಮುಚ್ಚಳಿಕೆಗೆ ಬೆಲೆಯಿಲ್ಲ, ಅಂಗವೈಕಲ್ಯ ಪಿಂಚಣಿ ಕೊಡಿ ಎಂದಿತು ಕೋರ್ಟು.

“ಅದಕ್ಕೆಲ್ಲ ದಿಲ್ಲಿಗೆ ಹೋಗ್ಬೇಕು, ಲಕ್ಷಗಟ್ಟಲೆ ಬೇಕು”

ದಿಲ್ಲಿಗೇ ಹೋಗಬೇಕಿಲ್ಲ. ನ್ಯಾಯಮಂಡಳಿಗೆ ಪ್ರಾದೇಶಿಕ ಪೀಠಗಳಿವೆ, ದಕ್ಷಿಣದಲ್ಲಿ ಚೆನ್ನೈ ಮತ್ತು ಕೊಚ್ಚಿಯಲ್ಲಿ. ಆದರೆ ಒಂದು ಸೂಕ್ಷ್ಮವಿದೆ. ಮನೆಯಲ್ಲಿದ್ದಾಗ, ಅಂದರೆ ಸೇನಾ ಕಾಯ್ದೆ ಅನ್ವಯಿಸದ ದಿನಗಳಲ್ಲಿ ಬಂದ ಡಿಸ್ಚಾರ್ಜನ್ನು ನ್ಯಾಯಮಂಡಳಿಗೆ ಒಯ್ಯಬೇಕೋ ಬೆಂಗಳೂರಿನ ಹೈಕೋರ್ಟಿಗೆ ರಿಟ್ ಹಾಕಬೇಕೋ ಎಂಬ ತಕರಾರನ್ನು ಎದುರು ಕಡೆಯವರು ಎತ್ತಬಹುದು. ಇದು ಬ್ರೋಕರ್ ಕೆಲಸವಲ್ಲ, ವಕೀಲರ ಕೆಲಸ. ಅದಕ್ಕೂ ಮೊದಲು ಮಾಹಿತಿ ಹಕ್ಕಿನಡಿ ನಿಮ್ಮ ಸೇವಾ ದಾಖಲೆ, ಶಿಬಿರದ ಕರೆಪತ್ರ, ನೋಟಿಸು ಕಳಿಸಿದ ದಾಖಲೆಗಳ ಪ್ರತಿ ಕೇಳಿ. ನೋಟಿಸು ಬೇರೆ ವಿಳಾಸಕ್ಕೆ ಹೋಗಿತ್ತು ಎಂದು ಗೊತ್ತಾಗುವುದು ಆಗಲೇ.

ಲಕ್ಷದ ಮಾತಿಗೆ ಬರೋಣ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಆದಾಯದ ಮಿತಿಯೇ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲು. ನಾಯಕ ಜನಾಂಗದ ಎಷ್ಟೋ ಹುಡುಗರು ಈ ಒಂದು ಸಾಲು ತಿಳಿಯದೆ ಬಡ್ಡಿಗೆ ಸಾಲ ತರುತ್ತಾರೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇರುವುದು ಕೋರ್ಟ್ ಆವರಣದಲ್ಲೇ.

ಕೊನೆಗೊಂದು. ಡಿಸ್ಚಾರ್ಜ್ ಪತ್ರ ಇಂಗ್ಲಿಷಿನಲ್ಲಿರುತ್ತದೆ, ನಮಗೇನು ಅರ್ಥವಾಗುತ್ತದೆ ಎಂದು ಮಡಚಿಡುತ್ತಾರಲ್ಲ, ಅವರಿಗೆ. ಸೇನಾ ಕಾಯ್ದೆ, 1950ರ 23ನೇ ಕಲಂ ಹೇಳುವುದಿಷ್ಟು: ಸೇವೆಯಿಂದ ಹೊರಬಿದ್ದ ಸಿಪಾಯಿಗೆ ಕೊಡುವ ಪ್ರಮಾಣಪತ್ರ ಅವನ ಮಾತೃಭಾಷೆಯಲ್ಲೂ ಇಂಗ್ಲಿಷಿನಲ್ಲೂ ಇರಬೇಕು. ತೆಗೆದ ಅಧಿಕಾರಿ ಯಾರು, ಕಾರಣವೇನು, ಎಷ್ಟು ಕಾಲ ಸೇವೆ, ಮೂರನ್ನೂ ಅದರಲ್ಲಿ ಬರೆದಿರಬೇಕು. ನಿಮ್ಮದು ಬರೀ ಇಂಗ್ಲಿಷಿನಲ್ಲಿದ್ದರೆ ಈ ಕಲಂ ಹೆಸರಿಸಿ ಕನ್ನಡದ ಪ್ರತಿ ಕೇಳಿ ಯೂನಿಟ್ಟಿಗೆ ಬರೆಯಿರಿ, ಕಾರಣ ಎಂಬಲ್ಲಿ ಏನು ಬರೆದಿದೆ ಎಂದು ನೀವೇ ಓದಿ. ಆದೇಶ ಬಂದ ತಾರೀಕನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕಿ. ಪತ್ರವನ್ನು ಅದರ ಹಿಂದೆ ಸಿಕ್ಕಿಸಬೇಡಿ.