ಕೆಲಸವಿಲ್ಲದ ನಾಯಿಗಳನ್ನು ನೋಡಿಕೊಳ್ಳುವ ಕೆಲಸ

ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಬರುವ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ನಸುಕಿಗೆ ಓಡಾಡುವವರಿಗೆ ರಸ್ತೆಯಲ್ಲಿ ಸತ್ತುಬಿದ್ದ ನಾಯಿಗಳು ಹೊಸತಲ್ಲ. ಸಾಯದೆ ಉಳಿದವು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಅವು ಹಿಂಗಾಲು ಎಳೆದುಕೊಂಡು ಜಾಲಿಯ ಮರೆ ಸೇರಿರುತ್ತವೆ. ಬೆನ್ನುಹುರಿಗೆ ಪೆಟ್ಟಾದ ನಾಯಿಗೆ ಎಷ್ಟೋ ಸಲ ತಾನಾಗಿ ಉಚ್ಚೆ ಹೊಯ್ಯಲೂ ಆಗದು. ದಿನಕ್ಕೆ ಮೂರು ಹೊತ್ತಾದರೂ ಒಬ್ಬರು ಅದರ ಕಿಬ್ಬೊಟ್ಟೆಯಲ್ಲಿ ಉಬ್ಬಿದ ಚೀಲವನ್ನು ಬೆರಳಿನಿಂದ ಹುಡುಕಿ, ಹದವಾಗಿ ಒತ್ತಿ ಖಾಲಿ ಮಾಡಿಸಬೇಕು. ತಪ್ಪಿದರೆ ಸೋಂಕು, ಆಮೇಲೆ ಕಿಡ್ನಿಗೆ ಕುತ್ತು. ನಾಯಿಗಳ ಆಶ್ರಯಧಾಮದಲ್ಲಿ ಕೆಲಸ ಮಾಡುವವರ ಬೆಳಗು ಶುರುವಾಗುವುದು ಇಂಥ ಕೆಲಸದಿಂದ. ಹಬ್ಬ, ಭಾನುವಾರ ಎಂಬ ವಿನಾಯಿತಿ ಇದಕ್ಕಿಲ್ಲ.

ಇದೊಂದು ಉದ್ಯೋಗವಾಗಿ ಬೆಳೆದದ್ದು ತೀರಾ ಈಚೆಗೆ. ನಮ್ಮ ಬಯಲುಸೀಮೆಗೆ ನಾಯಿ ಹಳೆಯ ನೆಂಟ, ನಿಜ. ಆದರೆ ಆ ನಂಟಿಗೆಲ್ಲ ಒಂದು ಕೆಲಸದ ಆಧಾರವಿತ್ತು. ಕುರುಬರ, ಕಾಡುಗೊಲ್ಲರ ಕುರಿಮಂದೆ ರಾತ್ರಿ ಹೊಲದಲ್ಲಿ ತಂಗಿದಾಗ ತೋಳಕ್ಕೆ ಎದುರು ನಿಲ್ಲುತ್ತಿದ್ದದ್ದು ನಾಯಿ. ಮೈಲಾರಲಿಂಗನ ಗೊರವರು ತಾವೇ ದೇವರ ನಾಯಿಗಳೆಂದು ಬೊಗಳಿ, ದೋಣಿಯಲ್ಲಿ ಹಾಕಿದ್ದನ್ನು ಉಣ್ಣುತ್ತಾರೆ. ಮದ್ದೂರು ತಾಲ್ಲೂಕಿನ ಆತಕೂರಿನ ಹತ್ತನೇ ಶತಮಾನದ ಶಾಸನವಂತೂ ಹಂದಿಯೊಡನೆ ಕಾದು ಸತ್ತ ಕಾಳಿ ಎಂಬ ಬೇಟೆನಾಯಿಯ ಸ್ಮಾರಕ. ಗಂಗರ ಬೂತುಗನಿಂದ ಆ ನಾಯಿಯನ್ನು ಬೇಡಿ ಪಡೆದಿದ್ದ ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ಬೇಟೆಯಾಡದ, ಮಂದೆ ಕಾಯದ, ಯಾರ ಹೊಸಿಲಿಗೂ ಸೇರದ ನಾಯಿಯ ಆರೈಕೆ ಯಾರದು ಎಂಬ ಪ್ರಶ್ನೆ ಎದ್ದದ್ದು ಪಟ್ಟಣಗಳು ಬೆಳೆದ ಮೇಲೆ.

ಆ ಪ್ರಶ್ನೆ ಬೀದಿಗೆ ಬಂದದ್ದು 1832ರ ಜೂನ್‌ನಲ್ಲಿ, ಬೊಂಬಾಯಿಯಲ್ಲಿ. ವಾರಸುದಾರರಿಲ್ಲದ ನಾಯಿಗಳನ್ನು ಕೊಂದವರಿಗೆ ಹಣ ಕೊಡುವ ಪದ್ಧತಿಯನ್ನು ಅಲ್ಲಿನ ಕಂಪನಿ ಆಡಳಿತ ನಡೆಸುತ್ತಿತ್ತು. ಶವದ ಮೇಲೆ ನಾಯಿಯ ದೃಷ್ಟಿ ಬೀಳಬೇಕೆಂದು ನಂಬುವ ಪಾರ್ಸಿಗಳು ಸಿಡಿದೆದ್ದರು, ಪೇಟೆಯ ಬಾಗಿಲುಗಳು ಮುಚ್ಚಿದವು. ಎರಡು ವರ್ಷದ ಬಳಿಕ, 1834ರಲ್ಲಿ, ಜಮ್ಶೆಟ್‌ಜಿ ಜೀಜೀಭಾಯ್ ಮತ್ತು ವ್ಯಾಪಾರಿ ಮೋತಿಚಂದ್ ಅಮೀಚಂದ್ ಸೇರಿ ಬೊಂಬಾಯಿಯ ಪಾಂಜರಪೋಳ ಸ್ಥಾಪಿಸಿದರು. ದನಕರುಗಳ ಜೊತೆ ಬೀದಿನಾಯಿಗೂ ಅಲ್ಲಿ ಜಾಗ ಸಿಕ್ಕಿತು. ಇಂದಿನ ಶೆಲ್ಟರುಗಳ ವಂಶಾವಳಿಯನ್ನು ನಾನು ಇಲ್ಲಿಂದಲೇ ಎಣಿಸುತ್ತೇನೆ.

ಆದರೂ ಒಂದೂವರೆ ಶತಮಾನ ಕಾಲ ನಗರಾಡಳಿತಗಳಿಗೆ ಗೊತ್ತಿದ್ದ ಪರಿಹಾರ ಕೊಲ್ಲುವುದೊಂದೇ. ಕೊಂದಷ್ಟೂ ನಾಯಿಗಳು ಕಡಿಮೆಯಾಗಲಿಲ್ಲ. ಖಾಲಿಯಾದ ಬೀದಿಗೆ ಪಕ್ಕದ ಬೀದಿಯವು ಬಂದವು, ಕಸದ ತೊಟ್ಟಿ ಇದ್ದಲ್ಲೇ ಇತ್ತು. 1959ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಬ್ಲೂ ಕ್ರಾಸ್ ಸಂಸ್ಥೆ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ ಲಸಿಕೆ ಹಾಕಿ ಬಿಡಿ ಎಂದು ಅರವತ್ತರ ದಶಕದಿಂದ ಹೇಳುತ್ತ ಬಂತು. ಚೆನ್ನೈ ಪಾಲಿಕೆ ಕಿವಿಗೊಟ್ಟದ್ದು 1996ರಲ್ಲಿ. 2001ರ ನಿಯಮಗಳು ಅದನ್ನೇ ದೇಶದ ಕಾನೂನಾಗಿಸಿದವು, 2023ರಲ್ಲಿ ಹೊಸ ನಿಯಮಗಳು ಬಂದವು. ಕಿವಿಯ ತುದಿಯಲ್ಲಿ ಸಣ್ಣ ಕಚ್ಚು ಇರುವ ಬೀದಿನಾಯಿ ಕಂಡರೆ ಅದಕ್ಕೆ ಶಸ್ತ್ರಚಿಕಿತ್ಸೆ ಆಗಿದೆ ಎಂದು ಅರ್ಥ.

ಕರ್ನಾಟಕಕ್ಕೆ ಈ ಕೆಲಸದ ರೂಪ ಕೊಟ್ಟವರಲ್ಲಿ ಕ್ರಿಸ್ಟಲ್ ರೋಜರ್ಸ್ ಹೆಸರನ್ನು ಮರೆಯುವಂತಿಲ್ಲ. ನ್ಯೂಜಿಲೆಂಡಿಗೆ ಹೊರಟಿದ್ದ ಈ ಇಂಗ್ಲಿಷ್ ಮಹಿಳೆ 1959ರಲ್ಲಿ ದೆಹಲಿಯಲ್ಲಿ ಇಳಿದಾಗ, ಕಾಗೆಗಳು ಕಣ್ಣು ಕುಕ್ಕಿದ್ದ ಕುದುರೆಯೊಂದನ್ನು ಕಂಡು ಪ್ರಯಾಣ ಅಲ್ಲಿಗೇ ಬಿಟ್ಟರು. ದೆಹಲಿಯಲ್ಲೊಂದು, ಜೈಪುರದಲ್ಲೊಂದು ಆಶ್ರಯಧಾಮ ಕಟ್ಟಿ, ಎಂಬತ್ತು ದಾಟಿದ ಮೇಲೆ ಬೆಂಗಳೂರಿನಲ್ಲಿ 1991ರಲ್ಲಿ ಕ್ಯೂಪಾ ಸಂಸ್ಥೆಗೆ ಅಡಿಪಾಯ ಹಾಕಿದರು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆವರಣದಲ್ಲೇ ಕ್ಯೂಪಾದ ಆರೈಕೆ ಕೇಂದ್ರಕ್ಕೆ ಜಾಗ ದೊರೆಯಿತು. ವೈದ್ಯರಾಗುವವರ ಕಣ್ಣೆದುರಿಗೇ ಬೀದಿನಾಯಿಯ ಚಿಕಿತ್ಸೆ ನಡೆಯುವಂತಾದದ್ದು ದೊಡ್ಡ ಮಾತು.

ಇನ್ನು ದಿನಚರಿ. ಬೆಳಗಾದೊಡನೆ ಗೂಡು ತೊಳೆಯಬೇಕು, ಆದರೆ ಯಾವ ಗೂಡು ಮೊದಲು ಎಂಬುದಕ್ಕೆ ಕಟ್ಟುನಿಟ್ಟಿನ ಕ್ರಮವಿದೆ. ಆರೋಗ್ಯವಂತ ಮರಿಗಳದು ಮೊದಲು, ಪಾರ್ವೊ ತಗುಲಿ ರಕ್ತಭೇದಿಯಾದ ಮರಿಗಳದು ಕೊನೆಗೆ. ಪಾರ್ವೊ ವೈರಾಣು ಮಾಮೂಲಿ ಫಿನಾಯಿಲಿಗೆ ಜಗ್ಗುವುದಿಲ್ಲ, ಬ್ಲೀಚಿಂಗ್ ದ್ರಾವಣವೇ ಬೇಕು. ಚಪ್ಪಲಿಯ ಅಡಿಯಲ್ಲಿ ಅಂಟಿಕೊಂಡು ಹೋದರೂ ಪಕ್ಕದ ಗೂಡಿನ ಮರಿಗಳೆಲ್ಲ ಸಾಯಬಹುದು. ತೊಳೆಯುವ ಕೆಲಸವನ್ನು ಕೀಳೆಂದು ನೋಡುವವರು ಇದನ್ನು ತಿಳಿಯಬೇಕು: ವೈದ್ಯರ ಇಂಜೆಕ್ಷನ್ನಿಗಿಂತ ಹೆಚ್ಚು ಮರಿಗಳನ್ನು ಉಳಿಸುವುದು ಪೊರಕೆ ಹಿಡಿದವರ ಎಚ್ಚರ.

ಆಮೇಲೆ ಒಲೆ. ಅನ್ನ, ಕೋಳಿ ಅಂಗಡಿಯಿಂದ ತಂದ ಕಾಲು-ತಲೆ, ಸಿಹಿಗುಂಬಳ ಸೇರಿಸಿ ದೊಡ್ಡ ಪಾತ್ರೆಯಲ್ಲಿ ಬೇಯಿಸುತ್ತಾರೆ. ಹೋಟೆಲಿನ ಉಳಿಕೆ ಸಾರನ್ನು ಪ್ರೀತಿಯಿಂದ ತಂದುಕೊಡುವವರಿಗೆ ಬೇಡ ಎನ್ನುವುದೂ ಕೆಲಸದ ಭಾಗ, ಯಾಕೆಂದರೆ ಈರುಳ್ಳಿ ನಾಯಿಯ ರಕ್ತದ ಕೆಂಪುಕಣಗಳನ್ನು ಒಡೆಯುತ್ತದೆ. ಈರುಳ್ಳಿಯನ್ನೇ ನೆಚ್ಚಿದ ನಮ್ಮ ಜಿಲ್ಲೆಯಲ್ಲಿ ಇದನ್ನು ಒತ್ತಿ ಹೇಳಬೇಕು.

ಮಧ್ಯಾಹ್ನ ಗಾಯದ ಹೊತ್ತು. ಹುಳ ಬಿದ್ದ ಗಾಯಕ್ಕೆ ಹಳ್ಳಿಗಳಲ್ಲಿ ಸೀತಾಫಲದ ಎಲೆ ಅರೆದು ಕಟ್ಟುವುದುಂಟು. ಶೆಲ್ಟರಿನಲ್ಲಿ ಔಷಧ ಹಾಕಿ, ಹೊರಬಂದ ಹುಳುಗಳನ್ನು ಚಿಮಟದಿಂದ ಒಂದೊಂದಾಗಿ ತೆಗೆಯುತ್ತಾರೆ. ವಾಸನೆಗೆ ಹೊಟ್ಟೆ ತೊಳಸುತ್ತದೆ. ಉಣ್ಣೆ ಕಚ್ಚಿ ಜ್ವರ ಬಂದವು, ಕಜ್ಜಿಯಿಂದ ಕೂದಲೆಲ್ಲ ಉದುರಿದವು, ಹೆದರಿ ಮೂಲೆ ಬಿಟ್ಟು ಕದಲದವು ಸರದಿಯಲ್ಲಿರುತ್ತವೆ. ನೋವಿನಲ್ಲಿರುವ ನಾಯಿ ಅನ್ನ ಹಾಕಿದ ಕೈಯನ್ನೂ ಕಚ್ಚುತ್ತದೆ. ಹಾಗಾಗಿ ಇಲ್ಲಿನ ಕೆಲಸಗಾರರು ರೇಬೀಸ್ ಲಸಿಕೆಯನ್ನು ಮುಂಚಿತವಾಗಿಯೇ ಹಾಕಿಸಿಕೊಂಡಿರಬೇಕು, ಕಚ್ಚಿದರೆ ಹದಿನೈದು ನಿಮಿಷ ಸೋಪಿನ ನೀರಿನಲ್ಲಿ ತೊಳೆದು ಮತ್ತೆ ಆಸ್ಪತ್ರೆಗೆ ಹೋಗಬೇಕು. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸಿಗೆ ಮದ್ದಿಲ್ಲ.

ಈ ಕಾರಣಕ್ಕೇ, ಶಾಲೆಗೆ ಹೋಗುವ ಮಗುವಿನ ತಾಯಿಯ ಭಯವನ್ನು ನಾಯಿಪ್ರಿಯರು ತಳ್ಳಿಹಾಕಬಾರದು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಬೀದಿನಾಯಿಗಳನ್ನು ತೆರವು ಮಾಡಿ ಶೆಲ್ಟರಿಗೆ ಸೇರಿಸಬೇಕು, ಹಿಡಿದ ಜಾಗಕ್ಕೆ ಮತ್ತೆ ಬಿಡಬಾರದು ಎಂದು ಆದೇಶಿಸಿತು. ಚಿತ್ರದುರ್ಗದ ಬಸ್ ನಿಲ್ದಾಣ, ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್, ಹೊಸದುರ್ಗದ ಶಾಲೆಗಳು ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ಹಾಗೆ ತಂದ ನಾಯಿ ಬದುಕಿರುವಷ್ಟು ಕಾಲ ಶೆಲ್ಟರಿನಲ್ಲಿಯೇ ಇರಬೇಕು. ಅಂದರೆ ಹತ್ತು ವರ್ಷವೂ ಆಗಬಹುದು. ಸಾಕಷ್ಟು ಕೆಲಸಗಾರರಿಲ್ಲದ ಶೆಲ್ಟರಿನಲ್ಲಿ ಬಲವುಳ್ಳವು ಅನ್ನ ಕಸಿದುಕೊಳ್ಳುತ್ತವೆ, ರೋಗ ಒಂದರಿಂದ ಒಂದಕ್ಕೆ ಹಬ್ಬುತ್ತದೆ, ಕಚ್ಚಾಟದಲ್ಲಿ ಕುಂಟಾದವು ಸಾಯುತ್ತವೆ. ಅದು ಹಳೆಯ ಕೊಲೆಯೇ, ನಿಧಾನವಾಗಿ ನಡೆಯುವುದಷ್ಟೇ ವ್ಯತ್ಯಾಸ.

ಆದ್ದರಿಂದ ನಮ್ಮ ತಾಲ್ಲೂಕುಗಳಲ್ಲಿ ಶೆಲ್ಟರಿನ ಅಂದಾಜುಪಟ್ಟಿ ತಯಾರಿಸುವಾಗ ಸಿಮೆಂಟು, ತಂತಿಬೇಲಿಗಿಂತ ಮೊದಲು ಕೆಲಸಗಾರರ ಸಂಬಳ, ಲಸಿಕೆ, ರಾತ್ರಿ ಪಾಳಿಯ ಖರ್ಚು ಬರೆಯಬೇಕು. ಜನ ಎಲ್ಲಿಂದ ಎಂದು ಹುಡುಕಬೇಕಾಗಿಲ್ಲ. ಕುರಿ ಕಾಯುವ ಮನೆಗಳಲ್ಲಿ ಬೆಳೆದ ಹುಡುಗ ಹುಡುಗಿಯರಿಗೆ, ಮಂದೆಯಲ್ಲಿ ಮೇವು ಬಿಟ್ಟ ಮರಿ ಯಾವುದು, ಕಾಲು ಎಳೆಯುತ್ತಿರುವುದು ಯಾವುದು ಎಂದು ದೂರದಿಂದಲೇ ಗುರುತಿಸುವ ಕಣ್ಣಿದೆ. ಅವರಿಗೆ ಪಶು ಆಸ್ಪತ್ರೆಗಳಲ್ಲೇ ತರಬೇತಿ ಕೊಟ್ಟು, ಬಾಳಲು ಸಾಕಾಗುವ ಸಂಬಳ ಕೊಟ್ಟು ನೇಮಿಸಿಕೊಳ್ಳುವುದು ಸ್ಥಳೀಯ ಆಡಳಿತಗಳಿಗೆ ಸಾಧ್ಯವಿರುವ ಕೆಲಸ.