‘ನಿಮ್ಮ ಮಗ ಪೈಲ್ವಾನ್ ಆಗ್ತಾನೆ’

ಬಿಡಕಿನ್‌ಗೆ ಬಂದ ಹೊಸದರಲ್ಲಿ ಪಕ್ಕದ ಮನೆಯ ಮರಾಠಿ ಕಾಕು ನನ್ನ ಮಗನ ದಪ್ಪ ಮೀನಖಂಡ ನೋಡಿ ಹೀಗೆನ್ನುತ್ತಿದ್ದರು. ನನಗೂ ಹಿಗ್ಗು. ಆದರೆ ನಾಲ್ಕು ವರ್ಷದ ಹುಡುಗ ನೆಲದಿಂದ ಏಳುವಾಗ ಮೊಣಕಾಲು, ತೊಡೆ ಹಿಡಿದು ತನ್ನ ಮೈಯನ್ನೇ ಹತ್ತಿದ ಹಾಗೆ ಏಳುತ್ತಿದ್ದ. ಮೆಟ್ಟಿಲು ಕಂಡರೆ “ಅವ್ವಾ, ಎತ್ಕೋ” ಅನ್ನುತ್ತಿದ್ದ.

ರಕ್ತಪರೀಕ್ಷೆಯಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಹೆಚ್ಚಿದ್ದವು. ಲಿವರ್ ತೊಂದರೆ ಎಂದು ಎಂಟು ತಿಂಗಳು ಸಿರಪ್ ಕುಡಿಸಿದೆವು. ಏನೂ ಬದಲಾಗಲಿಲ್ಲ. ಕೊನೆಗೆ ಅವನು ಏಳುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ, ಸಂಭಾಜಿನಗರದ ಇನ್ನೊಬ್ಬ ಡಾಕ್ಟರಿಗೆ ತೋರಿಸಿದೆ. ನನ್ನ ಹರುಕುಮುರುಕು ಹಿಂದಿಯಲ್ಲಿ ವಿವರಿಸಲಾಗದ್ದನ್ನು ಆ ವಿಡಿಯೊ ಹೇಳಿತು. ಅವರು ಸಿಪಿಕೆ ಪರೀಕ್ಷೆ ಬರೆದುಕೊಟ್ಟರು. ಇನ್ನೂರರ ಆಸುಪಾಸಿನಲ್ಲಿ ಇರಬೇಕಾದದ್ದು ಹದಿನಾಲ್ಕು ಸಾವಿರ ಇತ್ತು. ಆ ಎರಡು ಅಂಶಗಳು ಸ್ನಾಯುವಿನಿಂದಲೂ ರಕ್ತಕ್ಕೆ ಸೇರುತ್ತವೆ ಎಂದು ಆಗ ತಿಳಿಯಿತು. ಜೀನ್ ಪರೀಕ್ಷೆಯಲ್ಲಿ ಹೆಸರು ಸಿಕ್ಕಿತು: ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ.

ಸಾಮಾನ್ಯವಾಗಿ ಗಂಡುಮಕ್ಕಳಿಗೆ ಬರುವ ಕಾಯಿಲೆ ಇದು. ದೋಷ ಎಕ್ಸ್ ಕ್ರೋಮೋಸೋಮಿನಲ್ಲಿ. ಹೆಚ್ಚಿನ ಸಲ ತಾಯಿಯಿಂದ ಬರುತ್ತದೆ, ಸುಮಾರು ಮೂರರಲ್ಲಿ ಒಂದು ಹೊಸದಾಗಿಯೇ ಆಗುತ್ತದೆ. ನನ್ನ ಪರೀಕ್ಷೆಯೂ ಆಯಿತು; ನನ್ನಲ್ಲೂ ಇತ್ತು. ಜಮಖಂಡಿಯಿಂದ ಅತ್ತೆ ಫೋನಿನಲ್ಲಿ, “ನಿಮ್ಮ ತವರಿಂದ ಬಂದದ್ದು” ಅಂದರು. ಯಜಮಾನರು ಫೋನು ಇಸಿದುಕೊಂಡು, “ಅವ್ವಾ, ಇದರಾಗ ಯಾರ ತಪ್ಪೂ ಇಲ್ಲ” ಅಂದರು. ಅಷ್ಟು ಸಾಕಾಯಿತು.

ಎಲ್ಲಕ್ಕಿಂತ ಕಷ್ಟದ ಫೋನು ತಂಗಿಗೆ ಮಾಡಿದ್ದು. ಅವಳೂ ಪರೀಕ್ಷೆ ಮಾಡಿಸಿಕೊಳ್ಳಬೇಕಿತ್ತು. ಬೈತಾಳೆ ಅಂದುಕೊಂಡಿದ್ದೆ. “ಅಕ್ಕಾ, ಮುಚ್ಚಿಟ್ಟಿದ್ರ ನಾ ಏನ್ ಮಾಡ್ತಿದ್ದೆ?” ಅಂದಳು.

ಬೆಂಗಳೂರಿನ ಪ್ರಸನ್ನ ಶಿರೋಳ ಅವರ ಮಗಳಿಗಿದ್ದದ್ದು ಪೊಂಪೆ ಎಂಬ ಮತ್ತೊಂದು ಅಪರೂಪದ ಸ್ನಾಯು ಕಾಯಿಲೆ. ಅದನ್ನು ಗುರುತಿಸಲು ವರ್ಷಗಳೇ ಹಿಡಿದವು. ಆಮೇಲೆ ಅವರು ಇಂಥ ಕುಟುಂಬಗಳಿಗಾಗಿ ಆರ್ಗನೈಸೇಷನ್ ಫಾರ್ ರೇರ್ ಡಿಸೀಸಸ್ ಇಂಡಿಯಾ ಕಟ್ಟುವುದರಲ್ಲಿ ಜೊತೆಯಾದರು. ಒಬ್ಬ ತಂದೆ ಅಷ್ಟು ಮಾಡಬಹುದಾದರೆ ನಾನು ಒಂದು ಫೈಲನ್ನಾದರೂ ಸರಿಯಾಗಿ ಇಡಬಹುದಲ್ಲ?

ಆ ಫೈಲಿನ ಮೊದಲ ಪುಟದಲ್ಲಿ ಕಾಯಿಲೆಯ ಹೆಸರು, ಜೀನ್ ವರದಿ, ಸ್ಟೆರಾಯ್ಡ್ ಪ್ರಮಾಣ ಬರೆದಿಟ್ಟಿದ್ದೇನೆ. ಹಿಂದೆ ವರ್ಷವರ್ಷದ ಹೃದಯದ ಎಕೋ, ಫಿಸಿಯೋಥೆರಪಿ ಚೀಟಿ. ಊರು ಬದಲಾಯಿಸುವ ನಮ್ಮಂಥವರಿಗೆ ಇನ್ನೆರಡು ಮಾತು. 2016ರ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿಯೂ ಇದೆ. ಯುಡಿಐಡಿ ಕಾರ್ಡು ದೇಶದೆಲ್ಲೆಡೆ ನಡೆಯುತ್ತದೆ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಮುಂಬೈನ ಕೆಇಎಂ ಆಸ್ಪತ್ರೆ, ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕೇಂದ್ರಗಳಿವೆ. ಪಟ್ಟಿಯಲ್ಲಿರುವ ಕಾಯಿಲೆಗಳಿಗೆ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶವಿದೆ.

ಈ ಕಾಯಿಲೆ ವಾಸಿಯಾಗುವುದಿಲ್ಲ, ಗೊತ್ತು. ಆದರೆ ಕೇಳಿಕೊಂಡ ಮೇಲೆ ಶಾಲೆಯವರು ಅವನ ತರಗತಿಯನ್ನು ಕೆಳಗಿನ ಮಹಡಿಗೆ ತಂದಿದ್ದಾರೆ. ಈಗ “ಎತ್ಕೋ” ಅನ್ನದೆ ತಾನೇ ಒಳಗೆ ಹೋಗುತ್ತಾನೆ.