ಪರದೆ ಅಳಿಸುವ ನಾಲ್ಕು ಬೈಟು

ಟಿಐ-83 ಪ್ಲಸ್ ಗ್ರಾಫಿಂಗ್ ಕ್ಯಾಲ್ಕುಲೇಟರಿನಲ್ಲಿ ಹೊಸ ಪ್ರೋಗ್ರಾಂ ತೆರೆದು, ಇದು ಅಸೆಂಬ್ಲಿ ಎಂದು ತಿಳಿಸುವ ಆಜ್ಞೆಯ ಕೆಳಗೆ ‘ಇಎಫ್4045ಸಿ9’ ಎಂದು ಒತ್ತಿ ಓಡಿಸಿ. ಪರದೆಯ 96 ಕಂಬಸಾಲು, 64 ಅಡ್ಡಸಾಲು, ಒಟ್ಟು 6144 ಚುಕ್ಕಿಗಳೂ ಒಮ್ಮೆಗೇ ಅಳಿಸಿಹೋಗುತ್ತವೆ. ಅಳಿಸಿದ್ದು ನಮ್ಮ ನಾಲ್ಕು ಬೈಟುಗಳಲ್ಲ. ಯಂತ್ರದೊಳಗೆ ಮೊದಲೇ ಇದ್ದ ರೊಟೀನೊಂದನ್ನು ಅವು ಕರೆದವು, ಅಷ್ಟೆ.

ಆದರೆ ಆ ಕರೆ ತಲುಪುವ ದಾರಿ ಸ್ವಲ್ಪ ಬಳಸು. 1999ರ ಈ ಯಂತ್ರದೊಳಗಿನ ಜೆಡ್80 ಪ್ರೊಸೆಸರಿಗೆ ಒಮ್ಮೆಗೆ ಕಾಣುವುದು 64 ಕಿಲೋಬೈಟ್ ಮಾತ್ರ. ಫ್ಲ್ಯಾಶ್ ಮೆಮೊರಿ ಇರುವುದೋ 512 ಕಿಲೋಬೈಟ್. ಅದಕ್ಕೇ ಫ್ಲ್ಯಾಶನ್ನು 16 ಕಿಲೋಬೈಟಿನ 32 ಪುಟಗಳಾಗಿ ಮಾಡಿ, ಬೇಕಾದ ಪುಟವನ್ನು ಬೇಕಾದಾಗ ಪ್ರೊಸೆಸರಿನ ಕಣ್ಣಳತೆಗೆ ತಂದು ನಿಲ್ಲಿಸುವ ಏರ್ಪಾಡು.

ಇಎಫ್ ಎಂಬುದು ಒಂದೇ ಬೈಟಿನ ಆಜ್ಞೆ. ವಾಪಸು ಬರಬೇಕಾದ ವಿಳಾಸವನ್ನು ಸ್ಟ್ಯಾಕಿನಲ್ಲಿಟ್ಟು, ಹದಿನಾರರ ಲೆಕ್ಕದ 28ನೇ ವಿಳಾಸಕ್ಕೆ ಹಾರು ಎಂದು ಅದರರ್ಥ. ನನಗೆ ತುಂಬ ಹಿಡಿಸಿದ ಜಾಣ್ಮೆ ಇರುವುದು ಇಲ್ಲೇ. ವಾಪಸು ಬರುವ ಜಾಗದಲ್ಲಿ ಮುಂದಿನ ಆಜ್ಞೆ ಇಲ್ಲ. 40, 45 ಎಂಬ ಎರಡು ಬೈಟುಗಳಿವೆ. 28ರಲ್ಲಿ ಕಾದು ಕೂತ ಕೋಡು ಸ್ಟ್ಯಾಕಿನ ವಿಳಾಸ ಹಿಡಿದು ಹೋಗಿ ಅವನ್ನು ಓದಿಕೊಳ್ಳುತ್ತದೆ. ಜೆಡ್80 ಕಿರಿಯ ಬೈಟನ್ನು ಮುಂದಿಡುವುದರಿಂದ ಸಿಕ್ಕ ಸಂಖ್ಯೆ 4540. ಬಳಿಕ ವಾಪಸಿನ ವಿಳಾಸವನ್ನು ಎರಡು ಮನೆ ಮುಂದಕ್ಕೆ ಸರಿಸುತ್ತದೆ. ಕೊನೆಯ ಸಿ9 ಪ್ರೋಗ್ರಾಂ ಮುಗಿಸುವ ಆಜ್ಞೆ.

4540 ಕೂಡ ರೊಟೀನಿನ ವಿಳಾಸವಲ್ಲ, ಅದರ ವಿಳಾಸ ಬರೆದಿಟ್ಟ ಪಟ್ಟಿಯೊಂದರ ಜಾಗ. ಒಂದು ಅಕ್ಷರ ಮೂಡಿಸಲು 4504, ಒಂದು ಸಂಖ್ಯೆಗೆ 4507, ಇಡೀ ಪದಕ್ಕೆ 450ಎ. ನಡುವೆ ಮೂರು ಮೂರರ ಅಂತರ ನೋಡಿ. ಪಟ್ಟಿಯ ಪ್ರತಿ ಮನೆಯಲ್ಲಿ ವಿಳಾಸಕ್ಕೆ ಎರಡು ಬೈಟು, ಪುಟಕ್ಕೆ ಒಂದು. ತಯಾರಕರು ಆಪರೇಟಿಂಗ್ ಸಿಸ್ಟಮ್ ತಿದ್ದಿ ರೊಟೀನನ್ನು ಬೇರೆ ಪುಟಕ್ಕೆ ಸಾಗಿಸಿದರೂ ಪಟ್ಟಿಯಲ್ಲಿ ಆ ಮೂರು ಬೈಟು ಬದಲಿಸಿದರಾಯಿತು. ಹಳೆಯ ಪ್ರೋಗ್ರಾಮು 4540 ಎಂದೇ ಕರೆಯುತ್ತಿರುತ್ತದೆ, ಪರದೆ ಅಳಿಯುತ್ತಲೇ ಇರುತ್ತದೆ.

ಹೊಸಬರು ಎಡವುವುದು ಇನ್ನೊಂದು ಕಡೆ. ಹತ್ತು ಸಲ ಸುತ್ತಬೇಕಾದ ಲೂಪಿನ ಎಣಿಕೆಯನ್ನು ಬಿ ರಿಜಿಸ್ಟರಿನಲ್ಲಿಟ್ಟು, ನಡುವೆ 4540ನ್ನು ಕರೆಯುತ್ತಾರೆ. ಆ ರೊಟೀನು ತನ್ನ ಕೆಲಸಕ್ಕೆ ಅದೇ ರಿಜಿಸ್ಟರುಗಳನ್ನು ಬಳಸಿ, ಇದ್ದುದನ್ನು ಕೆಡಿಸಿಯೇ ಮರಳುತ್ತದೆ. ಲೂಪು ನಿಲ್ಲದೆ ಸುತ್ತತೊಡಗಿದರೆ ಬ್ಯಾಟರಿ ಕಿತ್ತು ಹಾಕಬೇಕಾದೀತು. ಕರೆಯುವ ಮುನ್ನ ಬಿ-ಸಿ ಜೋಡಿಯನ್ನು ಸ್ಟ್ಯಾಕಿಗೆ ಪುಶ್ ಮಾಡಿ, ಮರಳಿದ ಮೇಲೆ ಪಾಪ್ ಮಾಡಿಕೊಂಡರೆ ಎಣಿಕೆ ಇದ್ದಂತೆಯೇ ಉಳಿಯುತ್ತದೆ.